ಎರಡು ಬೆಕ್ಕುಗಳ ಮನೆಗೊಂದು ನಾಯಿ

ಧಾರವಾಡ, ಜೂನ್ 8, 2024, ಶನಿವಾರ

ಜಮಖಂಡಿಯಿಂದ ತಮ್ಮನ ಫೋನು. ಮುಧೋಳದಲ್ಲಿ ಗುರುತಿನವರ ಮನೆಯ ನಾಯಿ ಮರಿ ಹಾಕಿದೆಯಂತೆ, ಒಂದನ್ನು ನಮಗೆಂದು ಹೇಳಿಟ್ಟೂಬಿಟ್ಟಿದ್ದಾನೆ. "ಅಕ್ಕಾ, ಅಂಚೆಚೀಟಿ ಮ್ಯಾಲೆ ಬಂದ ನಾಯಿ ಅದು. ಮಿಲಿಟ್ರಿಯವರೂ ಒಯ್ದಾರ. ನೀ ಒಲ್ಲೆ ಅಂತೀಯಲ್ಲ!"

ಸುಳ್ಳೇನಲ್ಲ. 2005ರಲ್ಲಿ ದೇಸಿ ನಾಯಿಗಳ ನಾಲ್ಕು ಚೀಟಿ ಬಂದಾಗ ಅದರಲ್ಲಿ ಮುಧೋಳವೂ ಇತ್ತು. ಆದರೆ ಮಾಣಿಕ್ಯನಿಗೂ ಚಿಟ್ಟಿಗೂ ಅಂಚೆಚೀಟಿ ತೋರಿಸಿ ಒಪ್ಪಿಸಲಾದೀತೆ? ಅದು ಕಣ್ಣಿನಿಂದ ಬೇಟೆಯಾಡುವ ನಾಯಿ. ದೂರದಲ್ಲಿ ಏನೋ ಸರಕ್ಕನೆ ಓಡಿದ್ದು ಕಂಡರೆ ಸಾಕು, ಬೆನ್ನಟ್ಟುತ್ತದೆ. ಅದಕ್ಕೆಂದೇ ತಲೆತಲಾಂತರದಿಂದ ಆರಿಸಿ ಬೆಳೆಸಿದ್ದು. ಹೊಲದ ಮೊಲವೂ ನಮ್ಮ ಹಿತ್ತಲಿನ ಚಿಟ್ಟಿಯೂ ಓಡತೊಡಗಿದರೆ ಅದರ ಕಣ್ಣಿಗೆ ಒಂದೇ.

ಮರಿಯಿಂದ ಬೆಳೆಸಿದರೆ ಹೊಂದಿಕೊಳ್ಳುತ್ತದೆ ಎಂದ. ಅದೂ ಹೌದು. ಹುಟ್ಟಿದ 3ನೇ ವಾರದಿಂದ ಸುಮಾರು 12ನೇ ವಾರದೊಳಗೆ ಮರಿ ಯಾರ ನಡುವೆ ಬೆಳೆಯುತ್ತದೋ ಅವರನ್ನು ತನ್ನವರೆಂದು ಎಣಿಸುತ್ತದೆ. ಮನೆಯೊಳಗೆ ಚಾಪೆಯ ಮೇಲೆ ಮಲಗಿದ ಬೆಕ್ಕು ತನ್ನದೇ. ಅದೇ ಬೆಕ್ಕು ಕಾಂಪೌಂಡಿನ ಗುಂಟ ಓಡಿದಾಗ ಆ ನಂಟು ನೆನಪಿರುತ್ತದೆ ಎಂಬ ಧೈರ್ಯ ನನಗಿಲ್ಲ. ತಮ್ಮ ಸಿಟ್ಟಾದ. ಆಗಲಿ.

ಜೂನ್ 13, ಗುರುವಾರ

ಕೇಳಿದವರೆಲ್ಲ ಒಂದೊಂದು ಜಾತಿ ಹೇಳುತ್ತಾರೆ. ಟೆರಿಯರ್ ಬೇಡ, ಇಲಿ ಕೊಲ್ಲಲೆಂದೇ ಬೆಳೆಸಿದ್ದು ಎಂದು ಒಬ್ಬರು. ಲ್ಯಾಬ್ರಡಾರ್ ತಗೊಳ್ಳಿ, ಗುಂಡು ತಗುಲಿದ ಬಾತನ್ನೂ ಹಲ್ಲು ಊರದೆ ಬಾಯಲ್ಲಿ ಹಿಡಿದು ತರುವ ನಾಯಿ ಎಂದು ಇನ್ನೊಬ್ಬರು. ಎರಡೂ ನಿಜ. ಆದರೂ ಎದುರು ಓಣಿಯ ಲ್ಯಾಬ್ರಡಾರ್ ಬೆಕ್ಕು ಕಂಡರೆ ಚೈನು ಹರಿಯುವಂತೆ ಎಳೆಯುತ್ತದೆ. ಹಾಲಿನ ಅಂಗಡಿಯ ಬೀದಿನಾಯಿಯ ಹೊಟ್ಟೆಗೆ ಒರಗಿ ಬೆಕ್ಕಿನ ಮರಿ ಮಲಗುತ್ತದೆ. ಹೀಗಾಗಿ ಮರಿ ಬೇಡ, ಬೆಳೆದ ನಾಯಿಯೇ ಆಗಲಿ ಅನ್ನಿಸಿದೆ. ಮರಿಯ ಸ್ವಭಾವ ಊಹಿಸಬೇಕು. ಬೆಳೆದದ್ದನ್ನು ಕಣ್ಣಾರೆ ನೋಡಬಹುದು.

ಅತ್ತಿಯವರದು ಒಂದೇ ಷರತ್ತು: ಅಡುಗೆಮನೆಯೊಳಗೆ ನಾಯಿ ಕಾಲಿಡಕೂಡದು.

ಜೂನ್ 16, ಭಾನುವಾರ

ಹುಬ್ಬಳ್ಳಿ ಆಚೆಯ ಆಶ್ರಯಧಾಮಕ್ಕೆ ಹೋಗಿದ್ದೆವು. ಅಲ್ಲಿ ಜಾಲರಿ ಕೋಣೆಯಲ್ಲಿ ಬೆಕ್ಕುಗಳೂ ಇವೆ. ನಾಯಿಯನ್ನು ಚೈನು ಹಾಕಿ ಜಾಲರಿಯಿಂದ ದೂರದಲ್ಲಿ ನಿಲ್ಲಿಸಿ, ಹೆಜ್ಜೆಹೆಜ್ಜೆಯಾಗಿ ಹತ್ತಿರ ತರಲು ಕೇಳಿಕೊಂಡೆ. ಅಲ್ಲಿನ ಹುಡುಗನಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು.

ಮೊದಲನೆಯದು ಕಪ್ಪು ಗಂಡು, ನೋಡಲು ರಾಜ. ಬೊಗಳಲೇ ಇಲ್ಲ. ಇವರು "ಎಷ್ಟು ಶಾಂತ ಐತಿ ನೋಡು" ಎಂದರು. ಶಾಂತವಲ್ಲ, ಸೆಟೆದು ನಿಂತಿತ್ತು. ಬಾಯಿ ಮುಚ್ಚಿ, ತಲೆ ತುಸು ತಗ್ಗಿಸಿ, ಎವೆಯಿಕ್ಕದೆ ಬೆಕ್ಕನ್ನೇ ನೋಡುತ್ತಿತ್ತು. ಹೆಸರು ಕರೆದರೆ ಕಿವಿಯೂ ಅಲುಗಲಿಲ್ಲ. ಮೂಗಿನ ಹತ್ತಿರ ಬೇಯಿಸಿದ ಕೋಳಿ ಹಿಡಿದರೂ ಬೇಡ. ಬೇಟೆ ಶುರುವಾಗುವುದೇ ಹೀಗೆ: ದಿಟ್ಟಿಸುವುದು, ಹೊಂಚುವುದು, ಅಟ್ಟುವುದು, ಕಚ್ಚುವುದು. ಗದ್ದಲ ಮಾಡುವ ನಾಯಿಗಿಂತ ಈ ಮೌನಕ್ಕೇ ನನಗೆ ಹೆಚ್ಚು ಹೆದರಿಕೆ.

ಎರಡನೆಯದು ಕುಣಿದು ಬೊಗಳಿ ಮುಂಗಾಲು ಚಾಚಿ ಆಟಕ್ಕೆ ಕರೆಯಿತು. ಕೆಡುಕಿಲ್ಲದ ಜೀವ. ಆದರೆ ಮಾಣಿಕ್ಯನಿಗೆ ಹನ್ನೊಂದು ವರ್ಷ, ಮಂಡಿ ನೋವು; ಅವನಿಗೆ ಆ ಪ್ರೀತಿಯೂ ಪೆಟ್ಟೇ.

ಮೂರನೆಯದು ರಾಣಿ. ಕಂದು ಬಣ್ಣದ ದೇಸಿ, ನಾಲ್ಕು ವರ್ಷ ಇರಬಹುದು. ಸಂತಾನಹರಣ ಆಗಿದೆ ಎಂಬುದಕ್ಕೆ ಕಿವಿಯ ಅಂಚು ಕತ್ತರಿಸಿದ್ದಾರೆ. ಬೆಕ್ಕನ್ನು ನೋಡಿದಳು, ನೆಲ ಮೂಸಿದಳು. ಜಾಲರಿಯೊಳಗಿನ ದೊಡ್ಡ ಗಂಡು ಬೆಕ್ಕು ಬುಸ್ಸೆಂದಾಗ ಮುಖ ಪಕ್ಕಕ್ಕೆ ತಿರುಗಿಸಿ ಎರಡು ಹೆಜ್ಜೆ ಹಿಂದೆ ಸರಿದಳು. ಹೆಸರು ಕರೆದೆ, ತಕ್ಷಣ ತಿರುಗಿದಳು. ನನಗೆ ಬೇಕಿದ್ದದ್ದು ಇದು. ಬೆಕ್ಕನ್ನು ನೋಡದ ನಾಯಿ ಎಲ್ಲಿ ಸಿಗಬೇಕು? ನೋಡಿ, ಕರೆದರೆ ಕಣ್ಣು ಕೀಳುವ ನಾಯಿ ಸಾಕು. ಜಾಲರಿ ಇಲ್ಲದೆ ಹೇಗಿರುತ್ತಾಳೋ ಬೇರೆ ಮಾತು. ಹೊಂದದಿದ್ದರೆ ವಾಪಸು ಕರೆದುಕೊಳ್ಳುತ್ತೇವೆ ಎಂದಿದ್ದಾರೆ.

ಜೂನ್ 23, ಭಾನುವಾರ

ರಾಣಿ ಹೊರಗಿನ ಕೋಣೆಯಲ್ಲಿ, ಬೆಕ್ಕುಗಳು ಒಳಗೆ. ಇನ್ನೂ ಮುಖಾಮುಖಿ ಇಲ್ಲ. ಅವಳ ಹಾಸಿಗೆಯ ಬಟ್ಟೆ ಇವರ ಹತ್ತಿರ, ಇವರ ಬಟ್ಟೆ ಅವಳ ಹತ್ತಿರ. ಮಾಣಿಕ್ಯ ಮೂಸಿ, ಅದರ ಮೇಲೇ ಮಲಗಿದ. ಚಿಟ್ಟಿ ಬೀರುವಿನ ಮೇಲೆ ಸಂಸಾರ ಹೂಡಿದ್ದಾಳೆ. ಅಲ್ಲಿಂದ ಅಟ್ಟಕ್ಕೆ ಹಾರಬಹುದು, ಅಷ್ಟಿದ್ದರೆ ಸಾಕು. ಓಡುವ ಬೆಕ್ಕು ನಾಯಿಯನ್ನು ಕೆಣಕುತ್ತದೆ. ಮೇಲೆ ಹತ್ತಿ ಕೂರುವ ಬೆಕ್ಕು ಹಾಗಲ್ಲ.

ಜೂನ್ 30, ಭಾನುವಾರ

ಉಣ್ಣಿಗೆಂದು ನಾಯಿಯ ಬೆನ್ನಿಗೆ ಹಾಕುವ ಹನಿಮದ್ದು ತರಲು ಹೋದಾಗ ಡಾಕ್ಟರು ತಡೆದರು. ಪರ್ಮೆಥ್ರಿನ್ ಇರುವುದು ಬೇಡವೇ ಬೇಡ. ನಾಯಿಗೆ ಸಲ್ಲುವ ಆ ಮದ್ದನ್ನು ಬೆಕ್ಕಿನ ಪಿತ್ತಜನಕಾಂಗ ಅರಗಿಸಲಾರದು. ನಾಯಿಯ ಮೈಗೆ ಮೈ ಉಜ್ಜಿದರೂ ನಡುಕ, ಸೆಳವು ಬಂದು ಜೀವಕ್ಕೇ ಅಪಾಯ. ಬೇರೆ ಗುಳಿಗೆ ಕೊಟ್ಟರು. ಇಷ್ಟು ಜನ ಇಷ್ಟು ಸಲಹೆ ಕೊಟ್ಟರಲ್ಲ, ಒಬ್ಬರಾದರೂ ಇದನ್ನು ಹೇಳಲಿಲ್ಲ.

ಜುಲೈ 21, ಭಾನುವಾರ

ಚೈನು ನೆಲದ ಮೇಲೆ ಎಳೆದಾಡುತ್ತಿದೆ, ಬೇಕಾದರೆ ಕಾಲಿಟ್ಟು ತಡೆಯಬಹುದು. ಬೇಕಾಗುತ್ತಿಲ್ಲ. ಮಾಣಿಕ್ಯ ಬಾಲ ನೆಟ್ಟಗೆ ಎತ್ತಿ ಅವಳ ಮುಂದೆಯೇ ಹಾಯುತ್ತಾನೆ. ಚಿಟ್ಟಿ ಒಮ್ಮೆ ಮೂಗಿಗೆ ಪಂಜ ಬೀಸಿದಳು, ರಾಣಿ ಮೇಜಿನ ಕೆಳಗೆ ಹೋಗಿ ಕೂತಳು. ಸ್ನೇಹ ಎನ್ನಲಾರೆ, ಒಂದೇ ವಠಾರದ ಬಾಡಿಗೆದಾರರ ಹಾಗೆ ಇದ್ದಾರೆ. ಹೊರಗೆ ಹೋಗುವಾಗ ಇನ್ನೂ ಬೇರೆಬೇರೆ ಕೋಣೆಯಲ್ಲೇ ಬಿಟ್ಟು ಬಾಗಿಲು ಹಾಕುತ್ತೇವೆ.

ಜಗಳವೇನಿದ್ದರೂ ಊಟದ್ದು. ಬೆಕ್ಕಿನ ತಟ್ಟೆ ಕಂಡರೆ ರಾಣಿಗೆ ತಡೆಯದು. ತಟ್ಟೆಯನ್ನು ಅಡುಗೆಮನೆಗೆ ಸಾಗಿಸಿ, ಬಾಗಿಲಿನ ಕೆಳಗೆ ಬೆಕ್ಕು ಹಾಯುವಷ್ಟು ಕಿಂಡಿ ಕೊರೆಸುವುದೆಂದು ಮಾಡಿದ್ದೇನೆ. ಬಡಿಗ ನಾಳೆ ಬರುತ್ತಾನೆ. ತೇಗದ ಬಾಗಿಲು, ಅತ್ತಿಯವರಿಗೆ ಇನ್ನೂ ಹೇಳಿಲ್ಲ.