ಗಡಿಯಾರ ತಪ್ಪಿದ ಪೆಟ್ಟಿಗೆ

ನಮ್ಮ ಮನೆಯ ಕಂಪ್ಯೂಟರಿಗೆ ಒಂದು ವಿಚಿತ್ರ ಕಾಯಿಲೆ ಇತ್ತು. ಕರೆಂಟು ಹೋಗಿ ಬಂದರೆ ಸಾಕು, ಹದಿನೈದು ವರ್ಷ ಹಿಂದಕ್ಕೆ ಹೋಗಿ ಕೂತುಬಿಡುತ್ತಿತ್ತು. ಮೂಲೆಯ ಗಡಿಯಾರದಲ್ಲಿ 2009ರ ಜನವರಿ 1. ಕೊಟ್ಟೂರಿನಲ್ಲಿ ಕರೆಂಟು ದಿನಕ್ಕೆ ಎಷ್ಟು ಸಲ ಹೋಗಿ ಬರುತ್ತದೆ ಎಂದು ನಾನು ಹೇಳಬೇಕಿಲ್ಲ. ಆ ವರ್ಷ ನಮ್ಮ ಮನೆಯವರು ಇನ್ನೂ ಇದ್ದರು. ತಾರೀಖಿನ ಜೊತೆಗೆ ಅವರನ್ನೂ ವಾಪಸು ತರುವಂತಿದ್ದರೆ ನಾನದನ್ನು ರಿಪೇರಿ ಮಾಡಿಸುತ್ತಲೇ ಇರಲಿಲ್ಲ.

ಅವರು ಬಿಟ್ಟುಹೋದ ನಾಲ್ಕು ಕಂಪನಿಗಳ ಷೇರು ನನ್ನ ಹೆಸರಿಗೆ ಬಂದಿದ್ದವು. ಅವುಗಳ ಏರಿಳಿತ ನೋಡುವುದನ್ನು ಕಲಿಸಿದವನು ನನ್ನ ಅಣ್ಣನ ಮಗ. ಹಗರಿಬೊಮ್ಮನಹಳ್ಳಿಯಲ್ಲಿ ಅವನದು ಬೀಜ-ಗೊಬ್ಬರದ ಅಂಗಡಿ. ಕಲಿಸಿ ಹೋದ ಮರುದಿನವೇ ಪರದೆಯ ಮೇಲೆ ಕೆಂಪು ತ್ರಿಕೋನ, 'ನಿಮ್ಮ ಸಂಪರ್ಕ ಖಾಸಗಿಯಾಗಿಲ್ಲ' ಎಂಬ ಎಚ್ಚರಿಕೆ. ಯಾರೋ ಕಳ್ಳ ಒಳಗೆ ನುಗ್ಗಿದನೆಂದು ಹೆದರಿ ಪ್ಲಗ್ಗನ್ನೇ ಕಿತ್ತುಹಾಕಿ ಅವನಿಗೆ ಫೋನು ಮಾಡಿದೆ.

"ಅತ್ತಿ, ಮೊದಲು ತಾರೀಖು ಎಷ್ಟೈತಿ ನೋಡ್ರಿ" ಅಂದ.

ಸಂಗತಿ ಇಷ್ಟೇ. ಪ್ರತಿಯೊಂದು ವೆಬ್‌ಸೈಟೂ ಇಂಥ ದಿನದಿಂದ ಇಂಥ ದಿನದವರೆಗೆ ಎಂದು ಬರೆದ ಒಂದು ಪ್ರಮಾಣಪತ್ರ ಹಿಡಿದು ಬರುತ್ತದೆ, ನಮ್ಮ ಬಸ್ ಪಾಸಿನ ಹಾಗೆ. 2009ರಲ್ಲಿ ಕೂತಿರುವ ಕಂಪ್ಯೂಟರಿಗೆ 2024ರ ಪಾಸು ತೋರಿಸಿದರೆ ಅದು ಒಪ್ಪೀತೆ? ಮದರ್‌ಬೋರ್ಡಿನ ಮೇಲೆ ಬಿಲ್ಲೆಯಂಥ ಒಂದು ಬ್ಯಾಟರಿ ಇರುತ್ತದೆ, ಕರೆಂಟು ಇಲ್ಲದಾಗ ಗಡಿಯಾರ ನಡೆಸುವುದು ಅದೇ. ಅದು ಸತ್ತಿತ್ತು. 50 ರೂಪಾಯಿಯೊಳಗೆ ಹೊಸದು ಬಂತು, ಕಳ್ಳನೂ ಓಡಿಹೋದ.

ಆಮೇಲೆ ನನಗೆ ಅದೊಂದು ಹುಚ್ಚೇ ಹಿಡಿಯಿತೆನ್ನಿ. ಚಾರ್ಟು ನಿನ್ನೆಯದನ್ನೇ ತೋರಿಸುತ್ತ ಕೂತರೆ, ಬ್ರೌಸರು ಹಳೆಯ ಪ್ರತಿಯನ್ನು ಒಳಗೆ ಬಚ್ಚಿಟ್ಟುಕೊಂಡಿದೆ ಎಂದು ಅರ್ಥ. ಕಂಟ್ರೋಲ್ ಜೊತೆ ಎಫ್5 ಒತ್ತಿದರೆ ಹೊಸದು ತರುತ್ತದೆ. ಅಕ್ಷರ ದೊಡ್ಡದಾಗಿ ಚಾರ್ಟು ಅರ್ಧಕ್ಕೆ ಕಡಿದರೆ ಕಂಟ್ರೋಲ್ ಜೊತೆ ಸೊನ್ನೆ. ಯಾವುದಕ್ಕೂ ಬಗ್ಗದಿದ್ದರೆ ಖಾಸಗಿ ಕಿಟಕಿ ತೆರೆದು ನೋಡುವುದು. ಅಲ್ಲಿ ಸರಿಯಾಗಿ ಬಂದರೆ ತಪ್ಪು ವೆಬ್‌ಸೈಟಿನದಲ್ಲ, ನಮ್ಮ ಬ್ರೌಸರಿನಲ್ಲಿ ಕೂಡಿಕೊಂಡ ಕಸದ್ದು. ಇಷ್ಟು ವರ್ಷ ಅಡುಗೆಮನೆಯ ಡಬ್ಬಿಗಳನ್ನು ಒಂದೊಂದಾಗಿ ಮೂಸಿ ಕೆಟ್ಟದ್ದು ಯಾವುದೆಂದು ಹುಡುಕಿದವಳಿಗೆ ಇದೇನು ದೊಡ್ಡ ವಿದ್ಯೆ!

ಚಾರ್ಟಿನಲ್ಲಿ ಕೆಂಪು-ಹಸಿರು ಮೇಣದಬತ್ತಿಗಳಿರುತ್ತವೆ. ಹದಿನೆಂಟನೇ ಶತಮಾನದ ಜಪಾನಿನ ಹೊಮ್ಮಾ ಎಂಬ ಅಕ್ಕಿ ವ್ಯಾಪಾರಿಯ ಹೆಸರಿಗೆ ಈ ಪದ್ಧತಿಯನ್ನು ಹಚ್ಚುತ್ತಾರೆ. ನಾನದನ್ನು ಅರ್ಥ ಮಾಡಿಕೊಂಡದ್ದು ಹಡಗಲಿ ಮಲ್ಲಿಗೆಯ ಲೆಕ್ಕದಲ್ಲಿ. ಬೆಳಿಗ್ಗೆ ಮಾರು ಹೂವಿಗೆ 20 ರೂಪಾಯಿ ಅನ್ನಿ, ಹಬ್ಬದ ಗದ್ದಲದಲ್ಲಿ 30ಕ್ಕೆ ಏರಿತು, ಸಂಜೆ ಬಾಡತೊಡಗಿ 10ಕ್ಕೆ ಇಳಿದು ಕೊನೆಗೆ 15ಕ್ಕೆ ನಿಂತಿತು. 20ರಿಂದ 15ರವರೆಗೆ ಬತ್ತಿಯ ಮೈ, ಮೇಲೆ 30ಕ್ಕೂ ಕೆಳಗೆ 10ಕ್ಕೂ ಚಾಚಿದ್ದು ದಾರ. ಶುರುವಾದದ್ದಕ್ಕಿಂತ ಕೆಳಗೆ ಮುಗಿದದ್ದರಿಂದ ಬಣ್ಣ ಕೆಂಪು.

ಆದರೆ ನಿನ್ನೆಯ ಬತ್ತಿ ನೋಡಿ ನಾಳೆಯದನ್ನು ಹೇಳುತ್ತೇವೆ ಎನ್ನುವವರನ್ನು ಕಂಡರೆ ನನಗೆ ಮೈಲಾರದ ಕಾರ್ಣಿಕವೇ ನೆನಪಾಗುತ್ತದೆ. ಭರತ ಹುಣ್ಣಿಮೆಯ ಜಾತ್ರೆಯಲ್ಲಿ ಗೊರವಯ್ಯ ಬಿಲ್ಲೇರಿ 'ಸದ್ದಲೇ' ಎಂದರೆ ಲಕ್ಷ ಜನ ಉಸಿರು ಬಿಗಿಹಿಡಿಯುತ್ತಾರೆ. ಅವನು ನುಡಿಯುವುದು ಒಂದೇ ಸಾಲು. ಅದರಲ್ಲಿ ಮಳೆ ಕಂಡವರಿಗೆ ಮಳೆ, ಸರಕಾರ ಕಂಡವರಿಗೆ ಸರಕಾರ. ಗೊರವಯ್ಯ ಪಾಪ, ಅದಕ್ಕೆ ಉಪವಾಸವನ್ನಾದರೂ ಮಾಡಿರುತ್ತಾನೆ.

2024ರ ಜೂನ್ ಕೊನೆಯ ವಾರ ಅಣ್ಣನ ಮಗ ಮುಖ ಸಣ್ಣದು ಮಾಡಿಕೊಂಡು ಬಂದ. ಮಂಡಕ್ಕಿ ಮಿರ್ಚಿ ತಂದಿಟ್ಟರೆ ಮುಟ್ಟಲಿಲ್ಲ. "ಅತ್ತಿ, ಎರಡು ಲಕ್ಷ ಬೇಕಿತ್ತು. ಮೂರು ತಿಂಗಳಿಗೆ ವಾಪಸ್ ಕೊಡ್ತೀನಿ" ಎಂದು ನನ್ನ ಕಂಪ್ಯೂಟರಿನಲ್ಲೇ ನಿಫ್ಟಿಯ ತಿಂಗಳ ಚಾರ್ಟು ತೆರೆದು ತೋರಿಸಿದ. ಜೂನ್ ತಿಂಗಳ ಬತ್ತಿ ಹಸಿರಾಗಿಯೇ ಇತ್ತು, ಕೆಳಗೆ ಮಾತ್ರ ಉದ್ದ ಬಾಲ.

ಆ ಬಾಲ ಯಾವ ದಿನದ್ದೆಂದು ನನಗೆ ಗೊತ್ತಿತ್ತು. ದಿನದ ಚಾರ್ಟಿಗೆ ಬದಲಾಯಿಸಿದೆ. ಜೂನ್ 3ರಂದು, ಮತಗಟ್ಟೆ ಸಮೀಕ್ಷೆ ನಂಬಿ, ಪೇಟೆ ಜಿಗಿದಿತ್ತು. ಮರುದಿನ ಲೋಕಸಭೆಯ ಮತ ಎಣಿಕೆ, ಸೆನ್ಸೆಕ್ಸ್ 4,389 ಅಂಶ ಬಿದ್ದಿತ್ತು.

"ನಿಂದೆಷ್ಟು ಹೋತು?"

"ಹೋಗಿಲ್ಲತ್ತಿ, ನೋಡ್ರಿ ಮತ್ತ ಮ್ಯಾಲೆ ಬಂದೈತಲ್ಲ."

ಪೇಟೆ ಮೇಲೆ ಬಂದಿತ್ತು, ನಿಜ. ಷೇರು ಕೊಂಡಿಟ್ಟವರಿಗೆ ಅದು ಸಮಾಧಾನ. ಆದರೆ ಅವನು ಆಡಿದ್ದು ಆಪ್ಷನ್ನಿನಲ್ಲಿ. ಅದು ವಾರದ ಅವಧಿಯ ಸರಕು, ಆಗೆಲ್ಲ ಗುರುವಾರ ಬಾಡುತ್ತಿದ್ದ ಹೂವು. ಆಮೇಲೆ ಪೇಟೆ ಆಕಾಶಕ್ಕೆ ಏರಿದರೂ ಸೊನ್ನೆ ಸೊನ್ನೆಯೇ. ಲಾಭ-ನಷ್ಟದ ಪಟ್ಟಿ ತೋರಿಸು ಎಂದೆ. ತನ್ನ ಖಾತೆ ತೆರೆದು ಒತ್ತಿದ. ಏನೂ ಬರಲಿಲ್ಲ.

"ಪೇಜು ಓಪನ್ ಆಗವಲ್ದತ್ತಿ. ನಿಮ್ಮ ಬ್ರೌಸರಿನ ಪ್ರಾಬ್ಲಮ್ಮು" ಎಂದು ಎದ್ದೇಬಿಟ್ಟ.

ನಾನು ಕೂತೆ. ತಾರೀಖು ಸರಿಯಿತ್ತು. ಕಂಟ್ರೋಲ್ ಎಫ್5 ಒತ್ತಿದೆ, ಇಲ್ಲ. ಆಗ ವಿಳಾಸದ ಪಟ್ಟಿಯ ಬಲತುದಿಯಲ್ಲಿ ಕೆಂಪು ಗುರುತಿನ ಸಣ್ಣ ಚೌಕ ಕಂಡಿತು. ಹೊಸ ಕಿಟಕಿ ತೆರೆಯದಂತೆ ಬ್ರೌಸರು ತಡೆದಿತ್ತು. ಅನುಮತಿ ಕೊಟ್ಟು ಮತ್ತೆ ಒತ್ತಿದೆ. ಪಟ್ಟಿ ಬಂತು. ಒಂದೇ ದಿನದ್ದಲ್ಲ, ಎರಡು ವರ್ಷದ್ದು. ಒಟ್ಟು 6 ಲಕ್ಷ 40 ಸಾವಿರ. ಎಲ್ಲ ಕೆಂಪು.

ಅವನು ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದ. ಹೆಂಡತಿಯ ಅವಲಕ್ಕಿ ಸರ ಬ್ಯಾಂಕಿನಲ್ಲಿತ್ತು. ಹರಪನಹಳ್ಳಿಯ ಸಗಟು ವ್ಯಾಪಾರಿಗೆ ಮುಂಗಾರಿನ ಬೀಜದ ಬಾಕಿ 1 ಲಕ್ಷ 80 ಸಾವಿರ. ಕೇಳಿದ ಎರಡು ಲಕ್ಷ ಆ ಬಾಕಿಗೂ ಅಲ್ಲ. ಕಳೆದದ್ದನ್ನು ಗೆಲ್ಲುವುದಕ್ಕೆ! ನನಗೆ ಸಿಟ್ಟೂ ಬಂತು, ಅಳುವೂ ಬಂತು. ಹೊಡೆಯುವ ವಯಸ್ಸೂ ಅವನದಲ್ಲ.

ಎಫ್‌ಡಿ ಮುರಿಸಿ, ಬಸ್ಸು ಹತ್ತಿ ನಾನೇ ಹರಪನಹಳ್ಳಿಗೆ ಹೋಗಿ ಬಾಕಿ ಕಟ್ಟಿ ರಸೀದಿ ತಂದೆ. ಅವನ ಕೈಗೆ ಒಂದು ರೂಪಾಯಿ ಕೊಡಲಿಲ್ಲ. ಅದಕ್ಕೆ ಎರಡು ತಿಂಗಳು ಮಾತು ಬಿಟ್ಟ. ಆ ಸೆಪ್ಟೆಂಬರಿನಲ್ಲಿ ಸೆಬಿಯ ವರದಿ ಬಂತು. ಮೂರು ವರ್ಷಗಳಲ್ಲಿ ಈ ಆಟ ಆಡಿದ ಒಂದು ಕೋಟಿಗೂ ಹೆಚ್ಚು ಜನರಲ್ಲಿ ನೂರಕ್ಕೆ 93 ಮಂದಿ ಕಳೆದುಕೊಂಡಿದ್ದರು. ಕತ್ತರಿಸಿ ಅವನಿಗೆ ಕಳಿಸೋಣವೆಂದು ಪತ್ರಿಕೆ ತೆಗೆದಿಟ್ಟೆ. ಗಾಯದ ಮೇಲೆ ಉಪ್ಪು ಯಾಕೆಂದು ಸುಮ್ಮನಾದೆ.

ದೀಪಾವಳಿಗೆ ಮುಂಚೆ ಒಂದು ಮಧ್ಯಾಹ್ನ ಅವನ ಹೆಂಡತಿಯ ಫೋನು ಬಂತು. ದನಿ ತೀರ ಮೆಲ್ಲಗಿತ್ತು.

"ಅತ್ತಿ, ಅವರು ಊಟಕ್ಕ ಕುಂತಾರ. ಲ್ಯಾಪ್‌ಟಾಪ್ ಚಾಲೂ ಐತಿ. ಒಂದು ಪೇಜು ಓಪನ್ ಆಗವಲ್ದು, ಏನ್ ಮಾಡ್ಲಿ?"

"ಮ್ಯಾಲೆ ಬಲಕ್ಕ ನೋಡವ್ವ" ಅಂದೆ, "ಒಂದು ಸಣ್ಣ ಚೌಕ ಇರ್ತದ."