ಕಾಪುವಿನ ಕಳ್ಳೂ ಪಾಶ್ಚರ್ ಮಹಾಶಯರ ಶೋಧವೂ

ಉಡುಪಿಯಿಂದ ತೆಂಕಲಾಗಿ ಕಾಪುವಿಗೆ ಹೋಗುವ ಯಾತ್ರಿಕರು 1901ರ ದೀಪಸ್ತಂಭವನ್ನು ಕಂಡು ಹಿಂದಿರುಗುವುದು ವಾಡಿಕೆ. ನಮ್ಮ ದೃಷ್ಟಿಯಾದರೋ ಅಲ್ಲಿಯ ತೆಂಗಿನ ತೋಟಗಳಲ್ಲಿ ನೆಟ್ಟಿತು. ಮೂರ್ತೆದಾರರು ಹೊಂಬಾಳೆಯ ತುದಿಯನ್ನು ಕೊಯ್ದು ಇಳಿಸುವ ರಸವು ಮೊದಲು ಸಿಹಿ; ಕೆಲವು ಗಂಟೆಗಳಲ್ಲಿಯೇ ನೊರೆಯೆದ್ದು ಕಳ್ಳಾಗುವುದು; ಹಲವು ದಿನವಿಟ್ಟರೆ ಹುಳಿತು ವಿನೆಗರ್ ಆಗುವುದು. ಮಡಕೆಯೊಳಗೆ ಸುಣ್ಣ ಬಳಿದರೆ ಮಾತ್ರ ಸಿಹಿಯುಳಿದು ಬೆಲ್ಲಕ್ಕೆ ಒದಗುವುದು.

ಇದಕ್ಕೆ ಕಾರಣವೇನು? ಫ್ರಾನ್ಸ್ ದೇಶದ ಲೂಯಿ ಪಾಶ್ಚರ್ ಮಹಾಶಯರು 1857ರಿಂದ ಪ್ರಕಟಿಸಿದ ಶೋಧಗಳಲ್ಲಿ ಉತ್ತರವುಂಟು. ಹುದುಗುವಿಕೆಯು ಜಡವಸ್ತುವಿನ ವಿಕಾರವಲ್ಲ, ಸೂಕ್ಷ್ಮಜೀವಿಗಳ ಜೀವನವ್ಯಾಪಾರ. ಯೀಸ್ಟು ಸಕ್ಕರೆಯನ್ನು ಮದ್ಯಸಾರವಾಗಿಸಿದರೆ, ಬೇರೊಂದು ಜೀವಿಯು ಅದನ್ನು ಹುಳಿಯಾಗಿಸುವುದು. ಸುಣ್ಣದ ಕ್ಷಾರದಲ್ಲಿ ಅವು ವೃದ್ಧಿಯಾಗಲಾರವು. ದ್ರಾಕ್ಷಾಮದ್ಯವನ್ನು 50ರಿಂದ 60 ಡಿಗ್ರಿ ಸೆಂಟಿಗ್ರೇಡಿನವರೆಗೆ ಕಾಯಿಸಿದರೆ ಕೆಡದೆಂದೂ ಅವರು ತೋರಿಸಿಕೊಟ್ಟರು.

ಉಡುಪಿಯ ಮನೆಗಳಲ್ಲಿ ಇರುಳು ಉಬ್ಬುವ ಇಡ್ಲಿಹಿಟ್ಟಿನಲ್ಲಿಯೂ ಇಂತಹ ಜೀವಿಗಳದೇ ಕೆಲಸ. ಅವುಗಳಲ್ಲಿ ಉಪಕಾರಿಗಳೂ ಉಂಟು, ಅಪಕಾರಿಗಳೂ ಉಂಟು. ಹಸಿಹಾಲಿನಲ್ಲಿ ಕ್ಷಯರೋಗದ ಬೀಜವೂ ಅಡಗಿರಬಹುದು, ಕಾಯಿಸಿದರೆ ನಾಶವಾಗುವುದು. ಸುಣ್ಣ ಬಳಿಯುವವರು ಕಾರಣವನ್ನರಿಯದೆಯೇ ರಸವನ್ನು ಕಾಪಾಡಿದರು. ಕಾರಣವನ್ನರಿತ ನಾವು ಹಾಲು ಕಾಯಿಸುವುದರಲ್ಲಿ ಉದಾಸೀನರಾದರೆ ಆ ಅಪಾಯವನ್ನು ಅನುಭವಿಸುವವು ಮನೆಯ ಮಕ್ಕಳು.