ಮೂರೂಕಾಲು ಅಡಿ ಆಕಾಶ

'ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು' ಎಂದ ನಮ್ಮ ಹಿರಿಯರು ಅನುಭವಸ್ಥರೇ ಸರಿ. ಆದರೆ ಕಟ್ಟಿದ ಮನೆಯನ್ನು ಒಡೆದು, ಅದರೊಳಗೇ ವಾಸವಾಗಿದ್ದುಕೊಂಡು, ಸಾರಿನ ಪಾತ್ರೆಗೆ ಸಿಮೆಂಟಿನ ಧೂಳು ಬೀಳದಂತೆ ಕಾಯುತ್ತ ಮತ್ತೆ ಕಟ್ಟಿಸುವವನ ಪಾಡನ್ನು ಕುರಿತು ಅವರು ಗಾದೆ ಮಾಡಲಿಲ್ಲ. ಆ ಕೊರತೆಯನ್ನು ತುಂಬುವ ಯೋಗ್ಯತೆ ನನಗೆ ಈಚೆಗೆ ಪ್ರಾಪ್ತವಾಗಿದೆ.

ನಮ್ಮ ಮನೆ ಇರುವುದು ಯಲಹಂಕ ಉಪನಗರದಲ್ಲಿ. 1537ರಲ್ಲಿ ಬೆಂಗಳೂರನ್ನು ಕಟ್ಟಿದ ಕೆಂಪೇಗೌಡರು ಯಲಹಂಕದ ನಾಡಪ್ರಭುಗಳು. ಒಂದು ಪಟ್ಟಣವನ್ನೇ ಕಟ್ಟಿದ ಮಹನೀಯರ ನೆಲದಲ್ಲಿ ಒಂದು ಕೋಣೆ ಕಟ್ಟಿಸುವುದು ಎಷ್ಟರ ಕೆಲಸವೆಂದು ನಾನು ಭಾವಿಸಿದ್ದರೆ, ಅದು ಸ್ಥಳಮಹಿಮೆ ಎನ್ನಬೇಕು. 1984ರಲ್ಲಿ ಇಲ್ಲಿ ರೈಲಿನ ಗಾಲಿ ಮತ್ತು ಅಚ್ಚಿನ ಕಾರ್ಖಾನೆ ಆರಂಭವಾದಾಗ ನಮ್ಮ ತಂದೆ ಅದರಲ್ಲಿ ಕೆಲಸಕ್ಕೆ ಸೇರಿದರು. ಕೆಲವು ವರ್ಷಗಳ ಮೇಲೆ ಕರ್ನಾಟಕ ಗೃಹಮಂಡಳಿಯಿಂದ ಈ ಮನೆ ದೊರೆಯಿತು. ಒಂದು ನಡುಮನೆ, ಒಂದು ಅಡಿಗೆಮನೆ, ಎರಡು ಕೋಣೆ. ಅಷ್ಟರಲ್ಲಿಯೇ ಒಂದು ಕಾಲಕ್ಕೆ ಆರು ಮಂದಿ ಸುಖವಾಗಿದ್ದೆವು. ಈಗ ನಾವಿಬ್ಬರೇ, ಆದರೂ ಮನೆ ಚಿಕ್ಕದೆಂದು ತೋರುತ್ತಿತ್ತು.

ಅಷ್ಟರಲ್ಲಿ ಹುಬ್ಬಳ್ಳಿಯಲ್ಲಿದ್ದ ಮಗಳಿಗೆ ಹೆಬ್ಬಾಳದ ಕಡೆಗೆ ವರ್ಗವಾಯಿತು. "ಅಪ್ಪಾ, ಮೇಲೆ ಒಂದು ಕೋಣೆ ಇದ್ದಿದ್ದರೆ ಮಗುವನ್ನು ಕರೆದುಕೊಂಡು ನಿಮ್ಮ ಜೊತೆಯಲ್ಲೇ ಇರುತ್ತಿದ್ದೆ" ಎಂದು ಫೋನಿನಲ್ಲಿ ಅಂದಳು. ಮೊಮ್ಮಗಳು ಮನೆಗೆ ಬರುವಳೆಂದರೆ ಯಾವ ಅಜ್ಜ ತಾನೆ ಸುಮ್ಮನಿರಬಲ್ಲ? ಮರುದಿನವೇ ಮೇಸ್ತ್ರಿಯ ಶೋಧಕ್ಕೆ ಹೊರಟೆ.

ದೊರೆತ ಮೇಸ್ತ್ರಿ ದೊಡ್ಡಬಳ್ಳಾಪುರದ ಕಡೆಯವರು. ಹಣೆಯಲ್ಲಿ ಕುಂಕುಮ, ಕಿವಿಯ ಸಂದಿಯಲ್ಲಿ ಪೆನ್ಸಿಲು, ಮಾತಿನಲ್ಲಿ ಜೇನು. ತಾರಸಿಯನ್ನು ಹೆಜ್ಜೆಯಲ್ಲಿಯೇ ಅಳೆದು, "ನಾಲ್ಕು ಚದರ ಆಗುತ್ತೆ ಸಾರ್, ಮೂರು ತಿಂಗಳಲ್ಲಿ ಹಾಲು ಉಕ್ಕಿಸಿಬಿಡಿ" ಎಂದರು. ನೂರು ಚದರಡಿಗೆ ಒಂದು ಚದರ; ಇದು ಈ ಕಸುಬಿನ ಲೆಕ್ಕ. ಚದರಕ್ಕೆ ಇಷ್ಟೆಂದು ದರ ಹೇಳಿದರು. ಅದರಲ್ಲಿ ಬರಿಯ ಕೂಲಿ ಸೇರಿದೆಯೋ, ಕಂಬಿ, ಸಿಮೆಂಟು, ಇಟ್ಟಿಗೆ, ಎಂ-ಸ್ಯಾಂಡುಗಳೂ ಸೇರಿವೆಯೋ ಎಂದು ಕೇಳುವ ಬುದ್ಧಿ ನನಗೆ ಹೊಳೆಯಲಿಲ್ಲ. ನನ್ನ ಹೆಂಡತಿಗೆ ಹೊಳೆಯಿತು. ಆಕೆ ಒಳಗಿನಿಂದ ಮಗಳ ಹಳೆಯ ನೋಟ್‌ಬುಕ್ಕೊಂದನ್ನು ತಂದು, "ಮೇಸ್ತ್ರಿಗಳೇ, ಹೇಳುವುದನ್ನೆಲ್ಲ ಇದರಲ್ಲಿ ಬರೆದುಬಿಡೋಣ" ಎಂದಳು.

ಆ ನೋಟ್‌ಬುಕ್ಕೇ ನಮ್ಮ ಕರಾರುಪತ್ರವಾಯಿತು. ಸಾಮಾನು ಯಾರದು, ನೀರು ಯಾರದು. ಮುಂಗಡ ಎಷ್ಟು, ಗೋಡೆ ಎದ್ದಾಗ ಎಷ್ಟು, ಮೋಲ್ಡು ಹಾಕಿದಾಗ ಎಷ್ಟು, ಗಾರೆ ಮುಗಿದಾಗ ಎಷ್ಟು. ಹತ್ತರಲ್ಲಿ ಒಂದು ಪಾಲು ಕೊನೆಯವರೆಗೂ ನಮ್ಮಲ್ಲೇ. ಪ್ರತಿ ಶನಿವಾರದ ಬಟವಾಡೆಗೆ ಮೇಸ್ತ್ರಿಯ ರುಜು. ಗೃಹಸ್ಥರಿಗೆ ನಾನು ಕೊಡಬಹುದಾದ ಸಲಹೆ ಇದೊಂದೇ: ಬರೆದಿಡಿ. ಬರೆದದ್ದು ಜಗಳವನ್ನು ತಪ್ಪಿಸುತ್ತದೆ; ಸ್ನೇಹವನ್ನು ಕೆಡಿಸುವುದಿಲ್ಲ.

"ಪರವಾನಗಿ ಯಾಕೆ ಸಾರ್? ಹಳೇ ಮನೆ ರಿಪೇರಿ ಅಂದರೆ ಆಯ್ತು" ಎಂದು ಮೇಸ್ತ್ರಿ ಅಂದರು. ಸುಣ್ಣ ಬಣ್ಣ ಬಳಿಯುವುದಕ್ಕೆ, ಗಾರೆ ಮೆತ್ತುವುದಕ್ಕೆ, ನೆಲದ ಕಲ್ಲು ಬದಲಿಸುವುದಕ್ಕೆ ನಕ್ಷೆಯ ಮಂಜೂರಾತಿ ಬೇಕಾಗಿಲ್ಲವೆಂಬುದು ನಿಜ. ಆದರೆ ಮಹಡಿ ಏಳಿಸುವುದು ರಿಪೇರಿಯಲ್ಲ. ನಾನು ಜೀವಮಾನವೆಲ್ಲ ಕಡತಗಳ ನಡುವೆ ಕಳೆದವನು. ಕಾಗದವಿಲ್ಲದೆ ಕೋಣೆಯಲ್ಲಿ ನಿದ್ರೆ ಬಾರದು. ತಂದೆಯವರ ಟ್ರಂಕನ್ನು ತೆರೆದೆ. ಗೃಹಮಂಡಳಿಯ ಹಂಚಿಕೆ ಪತ್ರ, ಕ್ರಯಪತ್ರ, ಯಲಹಂಕ ನಗರಸಭೆಯ ಕಂದಾಯದ ರಸೀದಿಗಳು. 2007ರಿಂದ ಈಚೆಗೆ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯವು. 2025ರ ಸೆಪ್ಟೆಂಬರಿನಲ್ಲಿ ಆ ಪಾಲಿಕೆಯೂ ಐದು ನಗರ ಪಾಲಿಕೆಗಳಾಗಿ ಹಂಚಿಹೋಗಿ, ನಾವು ಬೆಂಗಳೂರು ಉತ್ತರದವರಾದೆವು. ಮನೆ ಇದ್ದಲ್ಲಿಂದ ಅಂಗುಲವೂ ಕದಲಿಲ್ಲ. ಊರಿನ ನಾಮಫಲಕ ಮಾತ್ರ ಎರಡು ಸಲ ಬದಲಾಯಿತು! ಅವನ್ನೆಲ್ಲ ಮುಂದಿಟ್ಟುಕೊಂಡು ಇ-ಖಾತೆ ಮಾಡಿಸಿದ್ದಾಯಿತು. ತಂದೆಯವರ ಹೆಸರಿನಲ್ಲಿ ಒಂದು ದಾಖಲೆಯಲ್ಲಿ ಇದ್ದ ಅಕ್ಷರ ಇನ್ನೊಂದರಲ್ಲಿ ಇರಲಿಲ್ಲ. ಆ ಒಂದು ಅಕ್ಷರಕ್ಕಾಗಿ ನಾನು ನಡೆದ ದೂರವನ್ನು ಇಲ್ಲಿ ವಿವರಿಸುವುದಿಲ್ಲ.

ನಕ್ಷೆ ಬರೆದುಕೊಟ್ಟ ಎಂಜಿನಿಯರರು ಯುವಕರು. ಮೊದಲ ದಿನವೇ ಮನೆಯ ಮೂಲೆಯಲ್ಲಿ ಗುಂಡಿ ತೋಡಿಸಿ ಪಾಯದ ಆಳವನ್ನು ನೋಡಿದರು. "ಈ ಮನೆಯ ಭಾರ ಹೊರುವುದು ಗೋಡೆಗಳೇ, ಕಂಬಗಳಲ್ಲ. ಇನ್ನೊಂದು ಅಂತಸ್ತನ್ನು ತಾಳುತ್ತದೆ. ಆದರೆ ಕೆಳಗಿನ ಗೋಡೆಯ ಮೇಲೆಯೇ ಮೇಲಿನ ಗೋಡೆ ನಿಲ್ಲಬೇಕು. ಪಕ್ಕದಲ್ಲಿ ಬಿಟ್ಟಿರುವ ಒಂದು ಮೀಟರು ಮೇಲಿನವರೆಗೂ ಹಾಗೆಯೇ ಇರಬೇಕು" ಎಂದರು. ಒಂದು ಮೀಟರೆಂದರೆ ಸುಮಾರು ಮೂರೂಕಾಲು ಅಡಿ. ಚಿಕ್ಕ ನಿವೇಶನಗಳಿಗಾಗಿ 2024ರಲ್ಲಿ 'ನಂಬಿಕೆ ನಕ್ಷೆ' ಎಂಬ ಏರ್ಪಾಡು ಬಂದಿದೆ. ನೋಂದಾಯಿತ ತಜ್ಞರು ನಿಯಮದಂತೆ ನಕ್ಷೆ ಸಲ್ಲಿಸಿದರೆ ಮೊದಲು ತಾತ್ಕಾಲಿಕ ಮಂಜೂರಾತಿ, ಪರಿಶೀಲನೆ ಆಮೇಲೆ. ಎಂಜಿನಿಯರರು ಆ ಮಾರ್ಗವನ್ನು ಹಿಡಿದರು. ಸರಕಾರಿ ಕಾಗದಕ್ಕೆ ನಂಬಿಕೆಯೆಂಬ ಹೆಸರಿರುವುದನ್ನು ನಾನು ಕಂಡದ್ದು ಅದೇ ಮೊದಲು; ಬಹಳ ಹಿಡಿಸಿತು. ಮಂಜೂರಾದ ನಕ್ಷೆಯನ್ನು ಜೋಪಾನವಾಗಿ ಬೀರುವಿನಲ್ಲಿಟ್ಟು ಬೀಗ ಹಾಕಿದೆ.

ಅಲ್ಲಿಯೇ ತಪ್ಪಿದ್ದು. ನಕ್ಷೆ ಬೀರುವಿನಲ್ಲಿ ಉಳಿಯಿತು; ಮನೆ ಮೇಸ್ತ್ರಿಯ ತಲೆಯಲ್ಲಿ ಬೆಳೆಯತೊಡಗಿತು.

ಒಂದು ಸಂಜೆ, ಕೆಲಸದವರೆಲ್ಲ ಹೋದ ಮೇಲೆ, ಮೇಸ್ತ್ರಿ ನನ್ನನ್ನು ತಾರಸಿಯ ಪಡುವಣ ಅಂಚಿಗೆ ಕರೆದೊಯ್ದರು. "ಸಾರ್, ಮಗಳ ಕೋಣೆ ಹತ್ತಡಿ ಅಗಲ. ಮಂಚ ಹಾಕಿದರೆ ಮಗು ಎಲ್ಲಿ ಆಡಬೇಕು? ಈ ಅಂಚಿಗೆ ಕಂಬಿ ಕೂರಿಸಿ ಸ್ಲ್ಯಾಬನ್ನು ಹೊರಕ್ಕೆ ಚಾಚೋಣ. ಹದಿಮೂರಡಿ ಆಗುತ್ತೆ. ಕೆಳಗೆ ಜಾಗ ಬಿಟ್ಟೇ ಇದ್ದೀರಲ್ಲ. ಮೇಲಿನ ಆಕಾಶ ಯಾರಪ್ಪಂದು?"

"ನಕ್ಷೆಯಲ್ಲಿ ಇಲ್ಲವಲ್ಲ ಮೇಸ್ತ್ರಿ."

"ಯಾರ ಮನೆ ನಕ್ಷೆಯಲ್ಲಿದ್ದ ಹಾಗಿದೆ ಸಾರ್? ಮುಂದೆ ಅಕ್ರಮ-ಸಕ್ರಮದಲ್ಲಿ ಸರಿಹೋಗುತ್ತೆ."

ಅಕ್ರಮ-ಸಕ್ರಮಕ್ಕೆ 2017ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವು ತಡೆಯಾಜ್ಞೆ ಕೊಟ್ಟದ್ದು ನನಗೆ ಗೊತ್ತಿತ್ತು. ಗೋಡೆಯ ಮೇಲೆ ಗೋಡೆ ನಿಲ್ಲಬೇಕೆಂಬ ಎಂಜಿನಿಯರರ ಮಾತೂ ನೆನಪಿತ್ತು. ಆದರೆ ನನ್ನ ಕಣ್ಣ ಮುಂದೆ ಹದಿಮೂರಡಿಯ ಕೋಣೆಯಲ್ಲಿ ಮೂರು ಗಾಲಿಯ ಸೈಕಲ್ಲು ಓಡುತ್ತಿತ್ತು. ನಾನು ಹೂಂ ಎನ್ನಲಿಲ್ಲ, ಉಹೂಂ ಎನ್ನಲೂ ಇಲ್ಲ. ಮೇಸ್ತ್ರಿಗೆ ಅಷ್ಟು ಸಾಕಾಗಿತ್ತು. ಮೆಟ್ಟಿಲಿಳಿಯುತ್ತ, "ಇದನ್ನು ಅಮ್ಮಾವ್ರ ಬುಕ್ಕಿನಲ್ಲಿ ಬರೆಯೋದು ಬೇಡ ಸಾರ್" ಎಂದರು. ನಾನು ಬರೆಸಲಿಲ್ಲ.

ಇಲ್ಲಿ ಹಳೆಯದೊಂದು ಸಂಗತಿಯನ್ನು ಹೇಳಬೇಕು. ನಮ್ಮ ತಾಯಿ ಮೂಡಣ ಕೋಣೆಯಲ್ಲಿರುತ್ತಿದ್ದರು. ಬೆಳಗಿನ ಬಿಸಿಲು ಕಿಟಕಿಯಿಂದ ನೇರವಾಗಿ ಅವರ ಮಡಿಲಿಗೆ ಬೀಳುತ್ತಿತ್ತು. ಆ ಬೆಳಕಿನಲ್ಲಿ ಹೂಬತ್ತಿ ಹೊಸೆಯುತ್ತ, ಅಕ್ಕಿ ಆರಿಸುತ್ತ ಕೂಡುತ್ತಿದ್ದರು. ಒಂದು ವರ್ಷ ಮೂಡಣ ಮನೆಯವರು ಮಹಡಿ ಕಟ್ಟಿದರು. ಅವರ ಗೋಡೆ ಕಾಂಪೌಂಡಿನವರೆಗೂ ಬಂದಿತು. ಕೋಣೆಯಲ್ಲಿ ಹಗಲಿನಲ್ಲಿಯೂ ದೀಪ ಹಾಕಬೇಕಾಯಿತು. ತಂದೆಯವರು ಕೂಗಾಡಿದರು, ನಾನು ಅರ್ಜಿ ಬರೆಯುತ್ತೇನೆಂದೆ, ಬರೆಯಲಿಲ್ಲ. ತಾಯಿ ಏನೂ ಅನ್ನಲಿಲ್ಲ. ಒಂದು ದಿನ ತಮ್ಮ ಕುರ್ಚಿಯನ್ನು ತಾವೇ ಎಳೆದುಕೊಂಡು ಹೋಗಿ ಮುಂಬಾಗಿಲ ಬಳಿ ಹಾಕಿಕೊಂಡರು. ಆ ಕೋಣೆಗೆ ಮಲಗುವ ಹೊತ್ತಿಗೆ ಮಾತ್ರ ಹೋಗುತ್ತಿದ್ದರು. ಅವರ ಕೊನೆಯ ದಿನಗಳು ಅಲ್ಲಿಯೇ, ವಿದ್ಯುದ್ದೀಪದ ಬೆಳಕಿನಲ್ಲಿಯೇ ಕಳೆದವು.

ನಮ್ಮ ಪಡುವಣ ಮನೆಯಲ್ಲಿ ಇರುವವರು ನಿವೃತ್ತ ಉಪಾಧ್ಯಾಯಿನಿ, ಒಂಟಿ ಜೀವ. ಬೀದಿಗೆಲ್ಲ ಅವರು 'ಟೀಚರಮ್ಮ'. ನಮ್ಮೆರಡು ಮನೆಗಳ ಸಂದಿನಿಂದ ಎಂಟು ಗಂಟೆಯ ಹೊತ್ತಿಗೆ ಅವರ ಕಿಟಕಿಗೆ ಬಿಸಿಲು ಬರುತ್ತದೆ. ಅಲ್ಲಿ ಕುಳಿತು ಪತ್ರಿಕೆ ಓದುವುದು ಅವರ ನಿತ್ಯನೇಮ.

ಸೆಂಟ್ರಿಂಗಿನವರು ಆ ಸಂದಿನಲ್ಲಿ ಮರದ ಕಂಬಗಳನ್ನು ನಿಲ್ಲಿಸಿ, ಹಲಗೆ ಹೊದಿಸಿದರು. ಮೂರನೆಯ ಬೆಳಿಗ್ಗೆ, ಮೋಲ್ಡಿನ ಹಿಂದಿನ ದಿನ, ನಾನು ಕಾಫಿಯ ಲೋಟ ಹಿಡಿದುಕೊಂಡು ಸಂದಿಗೆ ಹೋದೆ. ಟೀಚರಮ್ಮನವರ ಕಿಟಕಿ ತೆರೆದಿತ್ತು. ಒಳಗೆ ಆಕೆ, ಎಂಬತ್ತರ ಸಮೀಪದ ಮುದುಕಿ, ಎರಡು ಕೈಯಿಂದಲೂ ಕುರ್ಚಿಯನ್ನು ಹಿಡಿದು ಸ್ವಲ್ಪಸ್ವಲ್ಪವಾಗಿ ಬಾಗಿಲಿನ ಕಡೆಗೆ ಎಳೆಯುತ್ತಿದ್ದರು. ನನ್ನನ್ನು ಕಂಡು ನಕ್ಕರು. "ಮಹಡಿ ಏಳುತ್ತಿದೆ, ಬಹಳ ಸಂತೋಷ. ಮಗು ಯಾವಾಗ ಬರುತ್ತದೆ?" ಎಂದು ಕೇಳಿದರು.

ಕಾಫಿ ಗಂಟಲಿನಲ್ಲಿಳಿಯಲಿಲ್ಲ. ಮೂಡಣ ಮನೆಯವರನ್ನು ಇಷ್ಟು ವರ್ಷ ನಾನು ಮನಸ್ಸಿನಲ್ಲಿ ಶಪಿಸಿದ್ದೆ. ಅವರು ನಮಗೆ ಮಾಡಿದ್ದನ್ನೇ ನಾನು ಪಡುವಣ ಮನೆಗೆ ಮಾಡಹೊರಟಿದ್ದೆ. ಅವರಿಗೂ ಆಗ ಯಾವುದೋ ಮಗು ಬರುವುದಿತ್ತೋ ಏನೋ!

ಮೇಸ್ತ್ರಿ ಬಂದೊಡನೆ, "ಈ ಹಲಗೆಯನ್ನೆಲ್ಲ ಬಿಚ್ಚಿಸಿ. ಗೋಡೆ ಗೋಡೆಯ ಮೇಲೆಯೇ ನಿಲ್ಲಲಿ" ಎಂದೆ. ಅವರು ಕಂಬಿ ಕತ್ತರಿಸಿದ್ದರ ನಷ್ಟ ಹೇಳಿದರು, ಬಿಚ್ಚುವವರ ಎರಡು ದಿನದ ಕೂಲಿ ಹೇಳಿದರು, ಮೋಲ್ಡು ಒಂದು ವಾರ ಮುಂದಕ್ಕೆ ಹೋಗುವುದನ್ನು ಹೇಳಿದರು. ಎಲ್ಲಕ್ಕೂ ಒಪ್ಪಿದೆ. ಮಾಡದಿರಬೇಕಾದ ಕೆಲಸಕ್ಕೆ ಒಮ್ಮೆ, ಅದನ್ನು ಅಳಿಸುವುದಕ್ಕೆ ಇನ್ನೊಮ್ಮೆ ದುಡ್ಡು ತೆತ್ತೆ. ಹೆಂಡತಿಗೆ ಎಲ್ಲವನ್ನೂ ಹೇಳಿಕೊಂಡಾಗ ಆಕೆ ಗದರಿಸಲಿಲ್ಲ. "ಬುಕ್ಕಿನಲ್ಲಿ ಬರೆಯಬೇಡಿ ಎಂದಾಗಲೇ ನಿಮಗೆ ತಿಳಿಯಬೇಕಾಗಿತ್ತು" ಎಂದಳು, ಅಷ್ಟೆ. ಬೀರುವಿನಿಂದ ನಕ್ಷೆಯನ್ನು ತೆಗೆದು ಅದರ ಪ್ರತಿಯೊಂದನ್ನು ಮೆಟ್ಟಿಲ ಗೋಡೆಗೆ ಅಂಟಿಸಿದಳು.

ಪರವಾನಗಿಯೆಂದರೆ ಸರಕಾರವು ನಮ್ಮ ಮೇಲೆ ಹೊರಿಸುವ ಹೊರೆಯೆಂದೇ ನಾನು ತಿಳಿದಿದ್ದೆ. ಹಾಗಲ್ಲ. ಕೇಳುವುದಕ್ಕೆ ಸಂಕೋಚಪಡುವ ನೆರೆಯವರ ಪರವಾಗಿ ಮುಂಚಿತವಾಗಿಯೇ ಬರೆದಿಟ್ಟ ಒಂದು ಮಾತು ಅದು. ಪಕ್ಕದ ಆ ಮೂರೂಕಾಲು ಅಡಿಯ ನೆಲದ ಕ್ರಯಪತ್ರ ನನ್ನ ಹೆಸರಿನಲ್ಲಿರಬಹುದು; ಅದರ ಮೇಲಿನ ಬೆಳಕಿನಲ್ಲಿ ಟೀಚರಮ್ಮನವರಿಗೂ ಪಾಲುಂಟು.

ಮೋಲ್ಡು ಆಯಿತು. ಮೂರು ವಾರ ಎರಡು ಹೊತ್ತೂ ಸ್ಲ್ಯಾಬಿಗೆ ನಾನೇ ನೀರು ನಿಲ್ಲಿಸಿದೆ. ಮೂರು ತಿಂಗಳೆಂದದ್ದು ಆರಾಯಿತು. ಅದು ಈ ಕಸುಬಿನ ಪಂಚಾಂಗ. ಹತ್ತಡಿಯ ಕೋಣೆಯಲ್ಲಿ ಮಂಚ ಹಾಕಿದ ಮೇಲೆ ಸೈಕಲ್ಲಿಗೆ ಜಾಗ ಉಳಿಯಲಿಲ್ಲವೆಂಬುದು ನಿಜ. ಮೊಮ್ಮಗಳು ಅದನ್ನು ಟೀಚರಮ್ಮನವರ ಅಂಗಳದಲ್ಲಿ ಓಡಿಸುತ್ತಾಳೆ. ಅವರ ಕುರ್ಚಿ ಮತ್ತೆ ಕಿಟಕಿಯ ಬಳಿಗೆ ಬಂದಿದೆ.

ಕೊನೆಯ ಪಾಲಿನ ಹಣವನ್ನು ಎಣಿಸಿಕೊಂಡು ರುಜು ಹಾಕಿದ ದಿನ ಮೇಸ್ತ್ರಿ ಸ್ವಲ್ಪ ಹೊತ್ತು ಸುಮ್ಮನೆ ಕುಳಿತಿದ್ದರು.

"ನಮ್ಮ ಊರ ಮನೆಗೂ ಒಂದು ಕಿಟಕಿ ಇತ್ತು ಸಾರ್. ಪಕ್ಕದವರು ಕಟ್ಟಿ ಮುಚ್ಚಿಬಿಟ್ಟರು."

"ಅದನ್ನು ಕಟ್ಟಿದ ಮೇಸ್ತ್ರಿ ಯಾರು?" ಎಂದು ಕೇಳಿದೆ.

"ನಾನಲ್ಲ ಸಾರ್" ಎಂದು ಪೆನ್ಸಿಲನ್ನು ಕಿವಿಗೆ ಸಿಕ್ಕಿಸಿಕೊಂಡರು. "ಆದರೆ ನನ್ನಂಥವನೇ."